ಒಳಮನೆಯ ತಲೆವಸ್ತ್ರ

21 ನವೆಂಬರ್ 2024, ಗುರುವಾರ
ತುಮಕೂರು

ಸಿನಿಮಾ ಮುಗಿದು ಎಲ್ಲರೂ ಬಸ್ಸಿಗೆ ಹೊರಟರು. ಶಿರಾ ಕಡೆಯ ಹುಡುಗಿಯೊಬ್ಬಳು ಮಾತ್ರ ನಿಂತು ಕೇಳಿದಳು: "ಮೇಡಂ, ಆ ಹುಡುಗನ ಅಮ್ಮ ರಾತ್ರಿ ಮನೆಯೊಳಗಿದ್ರೂ ತಲೆ ಮೇಲಿನ ಬಟ್ಟೆ ತೆಗೀಲೇ ಇಲ್ವಲ್ಲ. ಅಲ್ಲಿ ಹೆಂಗಸ್ರು ಮನೇಲೂ ಹಂಗೇ ಇರ್ತಾರಾ?"

ತೋರಿಸಿದ್ದು ಇರಾನಿನ ನಿರ್ದೇಶಕ ಅಬ್ಬಾಸ್ ಕಿಯರೋಸ್ತಮಿಯ 'ಗೆಳೆಯನ ಮನೆ ಎಲ್ಲಿ?', 1987ರದ್ದು, 83 ನಿಮಿಷ. ತಪ್ಪಿ ತಂದ ಗೆಳೆಯನ ನೋಟ್‌ಬುಕ್ ಹಿಂದಿರುಗಿಸಲು ಅಹ್ಮದ್ ಎಂಬ ಹುಡುಗ ತನ್ನ ಹಳ್ಳಿ ಕೋಕರ್‌ನಿಂದ ಗೆಳೆಯನ ಹಳ್ಳಿ ಪೊಶ್ತೆಗೆ ಓಡುತ್ತಾನೆ.

ಅವಳ ಪ್ರಶ್ನೆಗೆ ಉತ್ತರ: ಇಲ್ಲ, ಮನೆಯವರಷ್ಟೇ ಇದ್ದಾಗ ಸಾಮಾನ್ಯವಾಗಿ ಹಾಗಿರುವುದಿಲ್ಲ. ಗಂಡ, ಮಗ, ಅಪ್ಪ, ಅಣ್ಣತಮ್ಮಂದಿರ ಮುಂದೆ ತಲೆ ಮುಚ್ಚಬೇಕೆಂದು ಧರ್ಮದ ಕಟ್ಟಳೆಯೂ ಹೇಳುವುದಿಲ್ಲ. ಆದರೆ ಪರದೆಯ ಮೇಲಿನ ಮಗ ಆ ನಟಿಯ ಮಗನಲ್ಲ, ಟಾಕೀಸಿನಲ್ಲಿ ಕೂತವರೂ ಮನೆಯವರಲ್ಲ. 1979ರ ಕ್ರಾಂತಿಯ ನಂತರ ಇರಾನಿನಲ್ಲಿ ಬಂದ ಸಿನಿಮಾ ನಿಯಮ ಇಷ್ಟನ್ನೇ ಹಿಡಿದುಕೊಂಡಿತು. ಹಾಗಾಗಿ ಪಾತ್ರ ನಿದ್ದೆಯಲ್ಲಿದ್ದರೂ ನಟಿಯ ತಲೆ ಮುಚ್ಚಿರಬೇಕು. ಗಂಡಹೆಂಡಿರಾಗಿ ನಟಿಸುವವರು ಕೈ ಹಿಡಿಯುವಂತಿಲ್ಲ.

"ನಮ್ಮಜ್ಜೀನೂ ಹಿರೀರು ಬಂದ್ರೆ ಸೆರಗು ಹೊದ್ಕೋತಾರೆ" ಅಂದಳು. ಸರಿಯಾದ ಎಳೆಯನ್ನೇ ಹಿಡಿದಳು. ಅಹ್ಮದನ ಅಮ್ಮ ಅಂಗಳದಲ್ಲಿ ಬಟ್ಟೆ ಒಗೆಯುವಾಗ ಯಾರು ಬೇಕಾದರೂ ಒಳಗೆ ಬರಬಹುದು. ಅಲ್ಲಿ ತಲೆವಸ್ತ್ರ ಆ ಅಜ್ಜಿಯ ಸೆರಗಿನ ಹಾಗೆ ರೂಢಿ. ರಾತ್ರಿ ಬಾಗಿಲ ಒಳಗೆ ಅದೇ ಬಟ್ಟೆ ಸರ್ಕಾರದ್ದು. ಒಂದೇ ಬಟ್ಟೆ, ಎರಡು ಕಾರಣ. ಎರಡನ್ನೂ 'ಅವರ ಸಂಸ್ಕೃತಿ' ಎಂದು ಒಟ್ಟಿಗೆ ಗಂಟು ಕಟ್ಟಿದರೆ ಆ ಹೆಂಗಸರಿಗೂ ಅನ್ಯಾಯ, ಸಿನಿಮಾಕ್ಕೂ ಅನ್ಯಾಯ.

ಮನೆಯೊಳಗೂ ತಲೆವಸ್ತ್ರ ತೋರಿಸುವ ಈ ಸುಳ್ಳು ಬೇಡವೆಂದೇ ಕಿಯರೋಸ್ತಮಿ ಒಳಮನೆಯ ದೃಶ್ಯಗಳಿಂದ ದೂರ ಸರಿದರು. ಬೆಟ್ಟದ ದಾರಿ, ಮಕ್ಕಳು, ಕಾರು. 2002ರ 'ಹತ್ತು' ಪೂರ್ತಿ ಕಾರಿನೊಳಗೇ ನಡೆಯುತ್ತದೆ: ಹತ್ತು ಮಾತುಕತೆ, ಡ್ಯಾಶ್‌ಬೋರ್ಡಿನ ಮೇಲೆ ಪುಟ್ಟ ಡಿಜಿಟಲ್ ಕ್ಯಾಮೆರಾ. ಕಾರೆಂದರೆ ಬೀದಿಯೇ, ಅಲ್ಲಿ ತಲೆವಸ್ತ್ರ ಸುಳ್ಳಾಗುವುದಿಲ್ಲ. ಅದರಲ್ಲೊಬ್ಬಳು ವಸ್ತ್ರ ಸರಿಸುತ್ತಾಳೆ. ತಲೆ ಬೋಳಿಸಿಕೊಂಡಿದ್ದಾಳೆ. ಮುಚ್ಚಬೇಕಾದದ್ದು ಕೂದಲು, ಕೂದಲೇ ಇಲ್ಲ. ಆ ಶಾಟ್ ಪ್ರತಿ ಸಲವೂ ಎದೆ ಹಿಂಡುತ್ತದೆ.

ಮುಂದಿನ ವಾರದಿಂದ ನೋಟ್ಸ್ ಬರೆಯುವ ಕ್ರಮ ಬದಲಾಗಬೇಕು. ಮೊದಲ ಸಲ ಎಲ್ಲೂ ನಿಲ್ಲಿಸದೆ ನೋಡುವುದು, ಪೆನ್ ಮುಟ್ಟುವಂತಿಲ್ಲ. ಎರಡನೇ ಸಲ ಪುಟಕ್ಕೆ ಮೂರು ಕಾಲಂ: ಎಷ್ಟನೇ ನಿಮಿಷ, ಕಣ್ಣಿಗೆ ಕಂಡದ್ದು, ಯಾಕಿದೆ. ಮೂರನೆಯದರಲ್ಲಿ ರೂಢಿ, ಕಾನೂನು, ದುಡ್ಡು, ನಿರ್ದೇಶಕರ ಆಯ್ಕೆ ಇವುಗಳಲ್ಲೊಂದು. ಗೊತ್ತಿಲ್ಲದಿದ್ದರೆ ಖಾಲಿ ಬಿಡಬೇಕು. ಮಕ್ಕಳು ಎಡವುವುದು ಇಲ್ಲೇ, ಖಾಲಿ ಜಾಗ ಕಂಡರೆ ಭಯಪಟ್ಟು ಏನಾದರೊಂದು ತುಂಬಿಬಿಡುತ್ತಾರೆ.

ಸಬ್‌ಟೈಟಲ್ ವಿಷಯ ಹೇಳಲು ಮರೆತೆ. ಪರ್ಷಿಯನ್‌ನಲ್ಲಿ 'ತೊ', 'ಶೊಮಾ' ಅಂತ ಎರಡಿವೆ, ನಮ್ಮ ನೀನು, ನೀವು ಇದ್ದ ಹಾಗೆ. ಇಂಗ್ಲಿಷ್ ಸಬ್‌ಟೈಟಲ್ ಎರಡನ್ನೂ ಒಂದೇ ಮಾಡುತ್ತದೆ. ಓದುವುದನ್ನು ಬಿಟ್ಟು ಹತ್ತು ನಿಮಿಷ ಕಿವಿಗೊಟ್ಟರೆ ಕನ್ನಡದ ಮಕ್ಕಳಿಗೆ ಅದು ತಾನಾಗಿ ಸಿಗುತ್ತದೆ.

ಊಟ ಮಾಡುವಾಗಲೂ ಅವಳ ಪ್ರಶ್ನೆಯೇ. ನಮ್ಮ ಸಿನಿಮಾದಲ್ಲಿ ಬೀಡಿ ಹಚ್ಚಿದ ಕೂಡಲೇ ಪರದೆಯ ಕೆಳಗೆ ಎಚ್ಚರಿಕೆಯ ಸಾಲು ಬರುತ್ತದೆ. ಅದೂ ಕಾನೂನೇ, ಆದರೆ ಕಾಣುವಂಥದ್ದು. ಸೆನ್ಸಾರಿಗೆ ಹೆದರಿ ಬರೆಯುವಾಗಲೇ ಕೈಬಿಟ್ಟ ದೃಶ್ಯಗಳಿರುತ್ತವಲ್ಲ, ಅವಕ್ಕೆ ನಿಮಿಷವೂ ಇಲ್ಲ, ಕಂಡದ್ದೂ ಇಲ್ಲ. ಅವನ್ನು ಯಾವ ಕಾಲಂನಲ್ಲಿ ಬರೆಯುವುದು?