ಸಣಕಲು ಅಪ್ಪನಿಗೆ ಶುಗರ್ ಹೆಂಗ್ ಬಂತು

ನಮ್ಮಪ್ಪ ಕಡ್ಡಿ ಥರ ಇದಾರೆ. 58 ಕೆಜಿ, ಮದ್ವೇಲಿ ಹೊಲಿಸಿದ ಪ್ಯಾಂಟು ಈಗ್ಲೂ ಆಗುತ್ತೆ ಅಂತ ವರ್ಷಕ್ಕೊಂದ್ಸಲ ಹಾಕ್ಕೊಂಡು ತೋರಿಸ್ತಾರೆ. ಅಂಥವರಿಗೆ ಹೋದ ವರ್ಷ ಕಣ್ಣಿನ ಆಪರೇಷನ್‌ಗೆ ಮುಂಚೆ ಬ್ಲಡ್ ಟೆಸ್ಟ್ ಮಾಡಿಸಿದ್ರೆ ಫಾಸ್ಟಿಂಗ್ ಶುಗರ್ 168. ಅಮ್ಮ ನಂಬ್ಲೇ ಇಲ್ಲ, ಯಾರದ್ದೋ ರಕ್ತ ಇವರ ಹೆಸರಿಗೆ ಹೋಗಿದೆ ಅಂತ ವಾದ, ಎರಡನೇ ಸಲ ಬೇರೆ ಕಡೆ ಮಾಡಿಸಿದ್ರೂ ಅಷ್ಟೇ ಬಂತು, ಆಮೇಲೆ ಬಾಯಿ ಮುಚ್ಕೊಂಡು ಕಾಫಿಗೆ ಸಕ್ಕರೆ ಹಾಕೋದು ನಿಲ್ಲಿಸಿದ್ರು.

ನಂಗೆ ಮಾತ್ರ ತಲೇಲಿ ಹುಳ ಬಿಟ್ಕೊಂಡಂಗಾಯ್ತು. ದಪ್ಪ ಇರೋರಿಗೆ ತಾನೇ ಶುಗರ್ ಬರೋದು? ರಾತ್ರಿಯೆಲ್ಲಾ ಓದ್ತಾ ಓದ್ತಾ ಸಿಕ್ಕಿದ್ದು ಪುಣೆ ಕೆಇಎಂ ಆಸ್ಪತ್ರೆಯ ಡಾಕ್ಟರ್ ಸಿ.ಎಸ್. ಯಾಜ್ಞಿಕ್ ಅವರ ಕೆಲಸ.

ಅವರದ್ದೊಂದು ಫೋಟೋ ಇದೆ, 2004ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಜರ್ನಲ್‌ನಲ್ಲಿ ಬಂದಿದ್ದು. ಯಾಜ್ಞಿಕ್ ಪಕ್ಕದಲ್ಲಿ ಜಾನ್ ಯುಡ್ಕಿನ್ ಅಂತ ಬ್ರಿಟಿಷ್ ಡಾಕ್ಟರ್ ನಿಂತಿದಾರೆ. ಇಬ್ಬರದ್ದೂ ಬಿಎಂಐ (ಎತ್ತರಕ್ಕೆ ತೂಕ ಎಷ್ಟಿದೆ ಅನ್ನೋ ಲೆಕ್ಕ) ಒಂದೇ, 22.3, ಅಂದ್ರೆ ಚಾರ್ಟ್ ಪ್ರಕಾರ ಇಬ್ಬರೂ ಸರಿಯಾಗಿದಾರೆ. ಆದ್ರೆ ಸ್ಕ್ಯಾನ್ ಮಾಡಿ ನೋಡಿದ್ರೆ ಯುಡ್ಕಿನ್ ಮೈಯಲ್ಲಿ ಕೊಬ್ಬು 9.1%, ಯಾಜ್ಞಿಕ್ ಮೈಯಲ್ಲಿ 21.2%! ಡಬಲ್‌ಗಿಂತ ಜಾಸ್ತಿ. ಯುಡ್ಕಿನ್ ಮ್ಯಾರಥಾನ್ ಓಡ್ತಾರೆ, ಯಾಜ್ಞಿಕ್ ಮಾತ್ರ ನನ್ನ ಮುಖ್ಯ ವ್ಯಾಯಾಮ ಅಂದ್ರೆ ಬೆಳಗ್ಗೆ ಆಸ್ಪತ್ರೆ ಲಿಫ್ಟ್ ಬಾಗಿಲು ಮುಚ್ಚೋದ್ರೊಳಗೆ ಓಡಿ ಹತ್ತೋದು ಅನ್ನೋ ಅರ್ಥದಲ್ಲಿ ತಮ್ಮನ್ನ ತಾವೇ ಗೇಲಿ ಮಾಡ್ಕೊಂಡು ಬರೆದಿದಾರೆ, ಜೊತೆಗೆ ತಾನು ಹುಟ್ಟಿದಾಗ ತೂಕ ಕಮ್ಮಿ ಇತ್ತು ಅನ್ನೋದನ್ನೂ ಸೇರಿಸಿದಾರೆ. ದೊಡ್ಡ ಜರ್ನಲ್‌ನಲ್ಲಿ ಹಿಂಗೂ ಬರೀಬಹುದಾ ಅಂತ ನಂಗೆ ಖುಷಿಯಾಯ್ತು.

ಆ ಹುಟ್ಟಿದ ತೂಕದ ಮಾತೇ ಅಸಲಿ ವಿಷ್ಯ. 1993ರಿಂದ ಅವರ ತಂಡ ಪುಣೆ ಸುತ್ತಮುತ್ತಲ ಆರು ಹಳ್ಳಿಗಳಲ್ಲಿ ಬಸುರಿಯರನ್ನ, ಆಮೇಲೆ ಅವರ ಮಕ್ಕಳನ್ನ ವರ್ಷಗಟ್ಟಲೆ ಹಿಂಬಾಲಿಸಿದೆ. ಅಲ್ಲಿನ ಮಕ್ಕಳು ಹುಟ್ಟಿದಾಗ ಸರಾಸರಿ 2.7 ಕೆಜಿ, ಇಂಗ್ಲೆಂಡಿನ ಸೌತಾಂಪ್ಟನ್ ಮಕ್ಕಳು 3.5 ಕೆಜಿ. ಇಷ್ಟು ಸಣ್ಣ ಮಗು ಅಂದ್ರೆ ಎಲ್ಲಾನೂ ಅದೇ ಲೆಕ್ಕದಲ್ಲಿ ಕಮ್ಮಿ ಇರ್ಬೇಕಲ್ವಾ, ಇಲ್ಲ, ಮಾಂಸಖಂಡ ಕಮ್ಮಿ, ಹೊಟ್ಟೆ ಸುತ್ತಳತೆ ಕಮ್ಮಿ, ಆದ್ರೆ ಚರ್ಮದ ಕೆಳಗಿನ ಕೊಬ್ಬು ಮಾತ್ರ ಅಷ್ಟಾಗಿ ಕಮ್ಮಿ ಆಗಿರ್ಲಿಲ್ಲ. ಹೊಕ್ಕುಳಬಳ್ಳಿ ರಕ್ತದಲ್ಲಿ ಇನ್ಸುಲಿನ್ (ರಕ್ತದ ಸಕ್ಕರೆ ಇಳಿಸೋ ಹಾರ್ಮೋನ್) ಕೂಡ ಹೆಚ್ಚಿತ್ತು. ನೋಡೋಕೆ ಸಣಕಲು, ಒಳಗೆ ಕೊಬ್ಬು. ಊಟ ಆದ್ಮೇಲೆ ರಕ್ತಕ್ಕೆ ಬರೋ ಸಕ್ಕರೆನ ಜಾಸ್ತಿ ಹೀರ್ಕೊಳ್ಳೋದು ಮಾಂಸಖಂಡ, ಅದೇ ಕಮ್ಮಿ ಇದ್ರೆ ಸಕ್ಕರೆ ಹೋಗೋದೆಲ್ಲಿಗೆ?

ಇನ್ನೊಂದು ವಿಷ್ಯ ಓದಿ ತಲೆ ಕೆಟ್ಟೋಯ್ತು. ಅದೇ ಮಕ್ಕಳನ್ನ ಆರು ವರ್ಷಕ್ಕೆ ಮತ್ತೆ ಪರೀಕ್ಷೆ ಮಾಡಿದಾಗ, ಬಸುರಿಯಾಗಿದ್ದಾಗ ಯಾವ ತಾಯಿಗೆ ವಿಟಮಿನ್ ಬಿ12 ಕಮ್ಮಿ ಇದ್ದು ಫೋಲೇಟ್ (ಫೋಲಿಕ್ ಆಸಿಡ್ ಮಾತ್ರೇಲಿ ಸಿಗೋ ವಿಟಮಿನ್) ಜಾಸ್ತಿ ಇತ್ತೋ ಅವರ ಮಕ್ಕಳಲ್ಲೇ ಇನ್ಸುಲಿನ್ ರೆಸಿಸ್ಟೆನ್ಸ್, ಅಂದ್ರೆ ಇನ್ಸುಲಿನ್ ಮಾತಿಗೆ ಮೈ ಸರಿಯಾಗಿ ಓಗೊಡದೇ ಇರೋದು, ಎಲ್ಲರಿಗಿಂತ ಹೆಚ್ಚು. ಫೋಲಿಕ್ ಆಸಿಡ್ ಮಾತ್ರೆ ಬೇಡ ಅಂತಲ್ಲ ಇದರರ್ಥ, ಯಾರೂ ಇದನ್ನ ಓದಿ ಮಾತ್ರೆ ಬಿಡ್ಬೇಡಿ, ಬಿ12 ಕಡೆನೂ ಗಮನ ಇರ್ಲಿ ಅಂತ. ಹಾಲು, ಮೊಟ್ಟೆ, ಮಾಂಸ ಕಮ್ಮಿ ತಿನ್ನೋ ಮನೆಗಳಲ್ಲಿ ಬಿ12 ಕಮ್ಮಿನೇ ಇರುತ್ತೆ.

ಮೈಸೂರಿನೋರಿಗೆ ಇದರಲ್ಲಿ ನಮ್ಮದೂ ಒಂದು ಪಾಲಿದೆ. ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ನಮ್ಮ ಬಾಯಲ್ಲಿ ಮಿಷನ್ ಆಸ್ಪತ್ರೆ, ಅಲ್ಲಿ 1934ರಿಂದ ಹೆರಿಗೆ ರಿಜಿಸ್ಟರ್ ಜೋಪಾನವಾಗಿ ಇಟ್ಟಿದ್ರು. ಸೌತಾಂಪ್ಟನ್‌ನ ಕೆರೊಲಿನ್ ಫಾಲ್ ಅನ್ನೋ ಸಂಶೋಧಕಿಯ ತಂಡದವರು ಅಲ್ಲಿ ಹುಟ್ಟಿದ 506 ಜನರನ್ನ ದೊಡ್ಡವರಾದ್ಮೇಲೆ ಹುಡುಕಿ ಪರೀಕ್ಷೆ ಮಾಡಿದ್ರು, 1998ರಲ್ಲಿ ಅದು ಪ್ರಕಟ ಆಯ್ತು. ಇಲ್ಲಿ ಕತೆ ಸ್ವಲ್ಪ ಬೇರೆ: ಉದ್ದಕ್ಕೆ ಹೋಲಿಸಿದ್ರೆ ದುಂಡಗೆ ಹುಟ್ಟಿದೋರಿಗೆ, ತಾಯಿ ತೂಕ ಜಾಸ್ತಿ ಇದ್ದೋರಿಗೆ ಶುಗರ್ ಹೆಚ್ಚು. ಅಂದ್ರೆ ಬರೀ ಕೆಜಿ ನೋಡಿದ್ರೆ ಸಾಲದು, ಆ ಕೆಜಿಯಲ್ಲಿ ಏನೇನಿದೆ ಅಂತ ನೋಡ್ಬೇಕು. ನಂಗಂತೂ ಆ ಹಳೇ ರಿಜಿಸ್ಟರ್ ಬರೆದಿಟ್ಟ ಹೆಸರಿಲ್ಲದ ನರ್ಸ್‌ಗಳಿಗೆ ಕೈ ಮುಗೀಬೇಕು ಅನ್ಸುತ್ತೆ.

ಇದೆಲ್ಲಾ ಓದಿದ್ಮೇಲೆ ಅಪ್ಪನ್ನ ಸರಿಯಾಗಿ ನೋಡ್ದೆ. ಕೈಕಾಲು ಸಣ್ಣ, ಬನಿಯನ್ ಒಳಗೆ ಮಾತ್ರ ಪುಟ್ಟ ಕುಡಿಕೆ ಮಗುಚಿಟ್ಟಂಗೆ ಹೊಟ್ಟೆ. ಇಷ್ಟು ವರ್ಷ ಕಣ್ಮುಂದೇನೇ ಇತ್ತು.

ಅಪ್ಪ ಹುಟ್ಟಿದ್ದು ನಂಜನಗೂಡು ಹತ್ರ ಹಳ್ಳೀಲಿ, ಮನೇಲೇ ಹೆರಿಗೆ, ರಿಜಿಸ್ಟರ್ ಎಲ್ಲಿ ಬರ್ಬೇಕು. ಹೋದ ವಾರ ದೊಡ್ಡತ್ತೆ ಬಂದಿದ್ರು, ಕೇಳ್ದೆ, ಅತ್ತೆ, ಅಪ್ಪ ಹುಟ್ಟಿದಾಗ ಎಷ್ಟು ತೂಕ ಇದ್ರು ಅಂತ.

"ತೂಕನಾ? ಮಗೂನ ತೂಗೋಕೆ ಅದೇನ್ ಬೆಲ್ಲನಾ ಮಗಾ. ಮೊರದಲ್ಲಿ ಮಲಗ್ಸಿದ್ವು, ಅರ್ಧ ಮೊರ ಖಾಲಿ ಇತ್ತು ನೋಡು."

ಅಪ್ಪ ಮುದ್ದೆ ಮುರೀತಿದ್ದೋರು ತಲೆ ಎತ್ತಿ, ಈಗ ತಟ್ಟೇನೂ ಅರ್ಧ ಖಾಲಿ, ಇನ್ನೊಂಚೂರು ಸಾರು ಹಾಕಿ ಅಂದ್ರು.