ಸಿಮ್ ಹಾಕುವ ಜಾಗವೇ ಇಲ್ಲದ ಫೋನು

ಕಳೆದ ವಾರಾಂತ್ಯ ನೆರೆಮನೆಯ ಹಿರಿಯರು ತಮ್ಮ ಗ್ಯಾರೇಜಿನಲ್ಲಿ ತುಂಬಿಕೊಂಡಿದ್ದ ಹಳೆಯ ಸಾಮಾನುಗಳನ್ನು ವಿಂಗಡಿಸುತ್ತ ಕುಳಿತಿದ್ದರು. ಅಲ್ಲೇ ಸುಳಿದಾಡುತ್ತಿದ್ದ ನನ್ನ ಮಗಳ ಕೈಗೆ ಒಂದು ಮಡಚುವ ಫೋನು ಕೊಟ್ಟು, ಬೇಕಿದ್ದರೆ ಬಿಚ್ಚಿ ನೋಡು ಎಂದರು. ಅವಳು ಹಿಂಬದಿಯ ಮುಚ್ಚಳ ಸರಿಸಿ, ಉಗುರಿನಿಂದ ಬ್ಯಾಟರಿ ಎಬ್ಬಿಸಿ, ಅದರ ಕೆಳಗಿನ ಗುಳಿಯನ್ನು ಬಹಳ ಹೊತ್ತು ಪರೀಕ್ಷಿಸಿದಳು. ಅಂಚು ಹಳದಿಗಟ್ಟಿದ ಒಂದು ಚೀಟಿ, ಅದರ ಮೇಲೆ ಅಂಕಿ ಮತ್ತು ಅಕ್ಷರಗಳು ಬೆರೆತ ಉದ್ದನೆಯ ಸಾಲು, ಇಷ್ಟು ಬಿಟ್ಟರೆ ಅಲ್ಲಿ ಬೇರೇನೂ ಇರಲಿಲ್ಲ. "ಅಪ್ಪಾ, ಇದರಲ್ಲಿ ಸಿಮ್ ಹಾಕುವ ಜಾಗವೇ ಇಲ್ಲವಲ್ಲ!" ಎಂದು ನನ್ನನ್ನು ಕೂಗಿದಳು.

"ಆಗ ಫೋನೇ ಸಿಮ್. ಅದರ ಗುರುತೆಲ್ಲ ಆ ಚೀಟಿಯಲ್ಲಿರುವ ಸಂಖ್ಯೆಯೇ" ಎಂದು ಹಿರಿಯರು ಅವಳಿಗೆ ವಿವರಿಸಿದರು. ಮೊಬೈಲ್ ಟವರ್‌ಗಳ ನಿರ್ವಹಣೆಯಲ್ಲೇ ವೃತ್ತಿ ಸವೆಸಿ ನಿವೃತ್ತರಾದವರು ಅವರು. ಆಮೇಲೆ ನನ್ನ ಕಡೆ ತಿರುಗಿ, "ನಿಮ್ಮ ದೇಶದಲ್ಲೂ ಕಂಪನಿಗಳು ವಿಲೀನವಾದವಲ್ಲ, ಆಗ ಜನ ತಮ್ಮ ಫೋನುಗಳನ್ನು ಎಸೆಯಬೇಕಾಯಿತೇ?" ಎಂದು ಕೇಳಿದರು. ಇಲ್ಲ, ಹೆಚ್ಚಿನವರಿಗೆ ಸಿಮ್ ಕೂಡ ಬದಲಿಸಬೇಕಾಗಲಿಲ್ಲ ಎಂದೆ. ಅವರು ನಿಜವಾಗಿಯೂ ಅಚ್ಚರಿಗೊಂಡರು. "ಹಾಗಾದರೆ ನಿಮ್ಮಲ್ಲಿ ಗ್ರಾಹಕ ನಮಗಿಂತ ಸ್ವತಂತ್ರ" ಎಂದ ಅವರ ಮಾತು ಈ ವಾರವೆಲ್ಲ ನನ್ನ ತಲೆಯಲ್ಲಿ ಸುತ್ತುತ್ತಿದೆ.

ನಾವಿರುವುದು ಕಾನ್ಸಸ್ ರಾಜ್ಯದ ಓವರ್‌ಲ್ಯಾಂಡ್ ಪಾರ್ಕಿನಲ್ಲಿ. ಸ್ಪ್ರಿಂಟ್ ಕಂಪನಿಯ ಕೇಂದ್ರ ಕಚೇರಿ ಇದ್ದ ಊರು ಇದು. 1899ರಲ್ಲಿ ಇದೇ ರಾಜ್ಯದ ಅಬಿಲೀನ್ ಪಟ್ಟಣದಲ್ಲಿ ಬ್ರೌನ್ ಟೆಲಿಫೋನ್ ಎಂಬ ಹೆಸರಿನಿಂದ ಆರಂಭವಾದ ಸಂಸ್ಥೆಯ ಕವಲೇ ಬೆಳೆಯುತ್ತ ಬಂದು ಸ್ಪ್ರಿಂಟ್ ಆಯಿತು. 2020ರ ಏಪ್ರಿಲ್ 1ರಂದು ಅದು ಟಿ-ಮೊಬೈಲ್‌ನಲ್ಲಿ ವಿಲೀನವಾಯಿತು, ಅದೇ ವರ್ಷದ ಆಗಸ್ಟಿನಲ್ಲಿ ಸ್ಪ್ರಿಂಟ್ ಎಂಬ ಹೆಸರೂ ವ್ಯವಹಾರದಿಂದ ಮರೆಯಾಯಿತು. ಪಕ್ಕದ ಕಾನ್ಸಸ್ ಸಿಟಿಯಲ್ಲಿರುವ ದೊಡ್ಡ ಕ್ರೀಡಾಂಗಣ ಸ್ಪ್ರಿಂಟ್ ಸೆಂಟರ್ ಎಂಬ ಹೆಸರು ಕಳಚಿ ಟಿ-ಮೊಬೈಲ್ ಸೆಂಟರ್ ಆಯಿತು. ಇಲ್ಲಿಯ ಹಳಬರಿಗೆ ಈ ವಿಲೀನ ಪತ್ರಿಕೆಯ ವಾಣಿಜ್ಯ ಪುಟದ ಸುದ್ದಿಯಷ್ಟೇ ಆಗಿರಲಿಲ್ಲ, ಊರಿನ ಗುರುತೇ ಕೈತಪ್ಪಿದ ಸಂಗತಿಯಾಗಿತ್ತು.

ಎರಡು ಮೊಬೈಲ್ ಕಂಪನಿಗಳು ಒಂದಾದಾಗ ಗ್ರಾಹಕನಿಗೆ ಮೊದಲು ತಟ್ಟುವುದು ಸಿಗ್ನಲ್. ಈ ವಿಷಯದಲ್ಲಿ ಇಲ್ಲಿಯ ವಿಲೀನಕ್ಕೆ ಗಟ್ಟಿಯಾದ ತಾಂತ್ರಿಕ ಕಾರಣವಿತ್ತು ಎಂಬುದನ್ನು ಒಪ್ಪಲೇಬೇಕು. ಸ್ಪ್ರಿಂಟ್ ಬಳಿ 2.5 ಗಿಗಾಹರ್ಟ್ಸ್‌ನ ತರಂಗಾಂತರ ಹೇರಳವಾಗಿತ್ತು, ಟಿ-ಮೊಬೈಲ್ 2017ರ ಹರಾಜಿನಲ್ಲಿ ಸುಮಾರು 800 ಕೋಟಿ ಡಾಲರ್ ತೆತ್ತು 600 ಮೆಗಾಹರ್ಟ್ಸ್‌ನ ತರಂಗಾಂತರ ಕೊಂಡಿತ್ತು. ಜಾತ್ರೆಯ ನಗಾರಿಯ ಸದ್ದು ಪಕ್ಕದ ಊರಿಗೂ ಕೇಳಿಸುತ್ತದೆ, ಗೆಜ್ಜೆಯ ದನಿ ಅಂಗಳ ದಾಟುವುದಿಲ್ಲ. ತರಂಗಗಳ ನಡತೆಯೂ ಹಾಗೆಯೇ. ಕಡಿಮೆ ಆವರ್ತನದ ತರಂಗ ಬಹು ದೂರ ಸಾಗುತ್ತದೆ, ಗೋಡೆಯನ್ನೂ ಹಾದು ಒಳಬರುತ್ತದೆ, ಆದರೆ ಅದರಲ್ಲಿ ಹೊರಬಹುದಾದ ಮಾಹಿತಿ ಕಡಿಮೆ. ಹೆಚ್ಚಿನ ಆವರ್ತನದ್ದು ಹತ್ತಿರದಲ್ಲೇ ಮುಗಿದರೂ ವೇಗ ಹೆಚ್ಚು. ಗೋಧಿಯ ಹೊಲಗಳ ನಡುವೆ ಮೈಲಿಗಟ್ಟಲೆ ಅಂತರದಲ್ಲಿ ಮನೆಗಳಿರುವ ಪಶ್ಚಿಮ ಕಾನ್ಸಸ್‌ಗೆ ಮೊದಲನೆಯದು ಬೇಕು, ನಗರಕ್ಕೆ ಎರಡನೆಯದು. ಎರಡೂ ಒಂದೇ ಕೈಗೆ ಸೇರಿದ್ದರಿಂದಲೇ ಆ ಕಂಪನಿಯ 5ಜಿ ಜಾಲ ಅಷ್ಟು ಬೇಗ ಹರಡಿತು.

ಆದರೆ ವಿಲೀನವೆಂದರೆ ಟವರ್‌ಗಳ ಕೂಡಿಕೆ ಮಾತ್ರವಲ್ಲ, ಕಳೆಯುವಿಕೆಯೂ ಹೌದು. ಒಂದೇ ಪ್ರದೇಶಕ್ಕೆ ಎರಡೂ ಕಂಪನಿಗಳ ಉಪಕರಣಗಳಿದ್ದರೆ ಒಂದನ್ನು ಇಳಿಸುತ್ತಾರೆ, ಬಾಡಿಗೆ ಉಳಿಯುತ್ತದೆ. ವಿಲೀನದಿಂದಾಗುವ ಉಳಿತಾಯವೆಂದು ಹೂಡಿಕೆದಾರರಿಗೆ ತೋರಿಸುವ ಮೊತ್ತದಲ್ಲಿ ದೊಡ್ಡ ಪಾಲು ಇದೇ. ಸ್ಪ್ರಿಂಟ್‌ನ ಹತ್ತಾರು ಸಾವಿರ ನೆಲೆಗಳು ಹೀಗೆ ಮುಚ್ಚುವ ಪಟ್ಟಿಗೆ ಸೇರಿದವು. ಸರಾಸರಿ ಲೆಕ್ಕದಲ್ಲಿ ಎಲ್ಲರಿಗೂ ಸಿಗ್ನಲ್ ಸುಧಾರಿಸಿದರೂ, ಇಳಿಸಿದ ಟವರಿನ ಬುಡದಲ್ಲೇ ಮನೆಯಿದ್ದವನಿಗೆ ಅದು ತಗ್ಗಬಹುದು. ಕಂಪನಿಯ ಭೂಪಟದಲ್ಲಿ ಬಣ್ಣ ತುಂಬಿದ ಜಾಗದಲ್ಲೂ ಅಡುಗೆಮನೆಯಲ್ಲಿ ನಿಂತರೆ ಕರೆ ಕಡಿಯುವುದುಂಟು ಎಂದು ನೆರೆಮನೆಯ ಹಿರಿಯರು ಹೇಳುವುದು ಇದನ್ನೇ.

ಇನ್ನು ಫೋನಿನ ವಿಷಯ. ಇಲ್ಲಿ ನಮ್ಮ ಹೆಚ್ಚಿನ ಓದುಗರಿಗೆ ಅಪರಿಚಿತವಾದ ಒಂದು ಕಷ್ಟವಿದೆ. ಫೋನನ್ನು ಟವರಿಗೆ ಬೆಸೆಯುವ ತಂತ್ರಜ್ಞಾನದಲ್ಲಿ ಎರಡು ಬಗೆ. ಸ್ಪ್ರಿಂಟ್ ಕರೆಗಳಿಗೆ ನೆಚ್ಚಿಕೊಂಡಿದ್ದುದು ಸಿಡಿಎಂಎ ತಂತ್ರಜ್ಞಾನವನ್ನು, ಟಿ-ಮೊಬೈಲ್ ಬೆಳೆದದ್ದು ಜಿಎಸ್‌ಎಂ ನೆಲೆಯಲ್ಲಿ. ಒಂದರ ಹ್ಯಾಂಡ್‌ಸೆಟ್ ಇನ್ನೊಂದರ ಜಾಲದಲ್ಲಿ ನಡೆಯುವ ಖಾತ್ರಿ ಇರಲಿಲ್ಲ. 2022ರ ಮಾರ್ಚ್ 31ರಿಂದ ಸಿಡಿಎಂಎ ಜಾಲವನ್ನು ಮುಚ್ಚತೊಡಗಿ, ಜೂನ್ 30ಕ್ಕೆ ಸ್ಪ್ರಿಂಟ್‌ನ ಎಲ್‌ಟಿಇ, ಅಂದರೆ 4ಜಿ ಜಾಲವನ್ನೂ ನಿಲ್ಲಿಸಿದಾಗ, ಹಳೆಯ ಹ್ಯಾಂಡ್‌ಸೆಟ್‌ಗಳು ಚೆನ್ನಾಗಿದ್ದರೂ ಬರಿಯ ಡಬ್ಬಿಗಳಾದವು. 4ಜಿ ಇದ್ದರೂ ಅದರ ಮೇಲೆಯೇ ಕರೆ ಮಾಡುವ ವೋಲ್ಟಿ ಸೌಲಭ್ಯ ಹೊಸ ಜಾಲಕ್ಕೆ ಹೊಂದದ ಫೋನುಗಳದ್ದೂ ಅದೇ ಗತಿ. ಹಳ್ಳಿಗಾಡಿನಲ್ಲಿ ದೂರ ಸಾಗುವ ಆ 600 ಮೆಗಾಹರ್ಟ್ಸ್‌ನ ಪ್ರಯೋಜನ ಪಡೆಯಬೇಕಾದರೆ ಫೋನಿನೊಳಗಿನ ಆಂಟೆನಾ ಅದಕ್ಕೆ ತಕ್ಕಂತಿರಬೇಕು. ಆಪಲ್ ಫೋನುಗಳಲ್ಲಿ ಆ ಸಾಮರ್ಥ್ಯ ಬಂದದ್ದೇ 2018ರ ಮಾದರಿಗಳಿಂದ. ಅಂದರೆ ಜಾಲ ವಿಸ್ತಾರವಾಯಿತೆಂಬ ಸುದ್ದಿ ನಿಜವೇ ಆದರೂ, ಆ ವಿಸ್ತಾರ ತಲುಪಿದ್ದು ಹೊಸ ಫೋನು ಕೊಳ್ಳಬಲ್ಲವರಿಗೆ ಮೊದಲು.

ನಾನು ಈ ದೇಶದಿಂದ ಮೆಚ್ಚಿ ಕಲಿತದ್ದೂ ಇದೆ. ಆ ಒಪ್ಪಂದ ಘೋಷಣೆಯಾದದ್ದು 2018ರ ಏಪ್ರಿಲ್‌ನಲ್ಲಿ, ಪೂರ್ಣಗೊಂಡದ್ದು ಸುಮಾರು ಎರಡು ವರ್ಷಗಳ ಮೇಲೆ. ನಡುವೆ ಇಡೀ ದೇಶ ವಾದಿಸಿತು. ಗ್ರಾಹಕರಿಗೆ ಆಯ್ಕೆ ಕುಗ್ಗಿ ದರ ಏರುತ್ತದೆಂದು ನ್ಯೂಯಾರ್ಕ್ ಮತ್ತು ಕ್ಯಾಲಿಫೋರ್ನಿಯಾ ರಾಜ್ಯಗಳ ನೇತೃತ್ವದಲ್ಲಿ ಹತ್ತಕ್ಕೂ ಹೆಚ್ಚು ರಾಜ್ಯಗಳ ಅಟಾರ್ನಿ ಜನರಲ್‌ಗಳು ನ್ಯಾಯಾಲಯಕ್ಕೆ ಹೋದರು. ನಮ್ಮ ಕಾನ್ಸಸ್ ಆದರೋ ಷರತ್ತಿನ ಮೇಲೆ ವಿಲೀನಕ್ಕೆ ಒಪ್ಪಿದ ಕೇಂದ್ರದ ನ್ಯಾಯ ಇಲಾಖೆಯ ರಾಜಿಯ ಜೊತೆ ನಿಂತಿತು. 2020ರ ಫೆಬ್ರುವರಿಯಲ್ಲಿ ನ್ಯಾಯಾಧೀಶ ವಿಕ್ಟರ್ ಮರೇರೊ ಅವರು ರಾಜ್ಯಗಳ ವಿರುದ್ಧ ತೀರ್ಪು ನೀಡಿದರು. ರಾಜ್ಯಗಳು ಸೋತರೂ ಷರತ್ತುಗಳು ಉಳಿದವು: ಮೂರು ವರ್ಷಗಳಲ್ಲಿ ಶೇ 97ರಷ್ಟು ಜನರಿಗೆ 5ಜಿ, ಆರು ವರ್ಷಗಳಲ್ಲಿ ಗ್ರಾಮೀಣ ಜನರಲ್ಲಿ ಶೇ 90ರಷ್ಟು ಮಂದಿಗೆ, ಮೂರು ವರ್ಷ ದರ ಏರಿಸುವುದಿಲ್ಲವೆಂಬ ಮಾತು. ಇವೆಲ್ಲ ಬರಹದಲ್ಲಿ, ಸಾರ್ವಜನಿಕರ ಕಣ್ಣೆದುರಿಗೆ ಇದ್ದವು.

ಆ ಷರತ್ತುಗಳು ಎಷ್ಟರ ಮಟ್ಟಿಗೆ ಫಲಿಸಿದವು ಎಂದು ನೋಡಿದರೆ ಮನಸ್ಸು ಮುದುಡುತ್ತದೆ. ನಾಲ್ಕು ಕಂಪನಿಗಳು ಮೂರಾಗುವುದನ್ನು ತಪ್ಪಿಸಲೆಂದು ಸ್ಪ್ರಿಂಟ್‌ನ ಬೂಸ್ಟ್ ಮೊಬೈಲ್ ಎಂಬ ಪ್ರೀಪೇಯ್ಡ್ ವಿಭಾಗವನ್ನು 140 ಕೋಟಿ ಡಾಲರಿಗೆ ಉಪಗ್ರಹ ಟಿವಿಯ ಡಿಶ್ ಸಂಸ್ಥೆಗೆ ಮಾರಿಸಿ, ಅದು ನಾಲ್ಕನೆಯ ರಾಷ್ಟ್ರೀಯ ಕಂಪನಿಯಾಗಿ ಬೆಳೆಯುತ್ತದೆಂದು ಭರವಸೆ ಕೊಡಲಾಗಿತ್ತು. 2025ರಲ್ಲಿ ಡಿಶ್‌ನ ಮಾತೃಸಂಸ್ಥೆಯು ತನ್ನ ತರಂಗಾಂತರದ ದೊಡ್ಡ ಭಾಗವನ್ನು ಎಟಿ ಅಂಡ್ ಟಿ ಮತ್ತು ಸ್ಪೇಸ್‌ಎಕ್ಸ್‌ಗಳಿಗೆ ಮಾರಲು ಒಪ್ಪಿತು, ಬೂಸ್ಟ್ ಇನ್ನೊಬ್ಬರ ಜಾಲವನ್ನು ನೆಚ್ಚಿಕೊಳ್ಳುವ ಸ್ಥಿತಿಗೆ ಬಂತು. ದರದ ಮಾತಿನ ಮೂರು ವರ್ಷ ಮುಗಿದ ಮೇಲೆ, 2024ರಲ್ಲಿ, ಟಿ-ಮೊಬೈಲ್ ಹಲವು ಹಳೆಯ ಯೋಜನೆಗಳ ದರವನ್ನು ಪ್ರತಿ ಸಂಪರ್ಕಕ್ಕೆ 2ರಿಂದ 5 ಡಾಲರ್ ಏರಿಸಿತು. ಅದೇ ಕಂಪನಿ 2025ರ ಆಗಸ್ಟ್ 1ರಂದು ಯುಎಸ್ ಸೆಲ್ಯುಲರ್ ಎಂಬ ಪ್ರಾದೇಶಿಕ ಕಂಪನಿಯ ಗ್ರಾಹಕರನ್ನೂ ತನ್ನದಾಗಿಸಿಕೊಂಡಿದೆ.

ನೆರೆಮನೆಯವರ ಮಾತು ನನಗೆ ಹೆಮ್ಮೆ ತಂದದ್ದು ಅಪ್ಪನ ನಂಬರಿನ ಕಾರಣಕ್ಕೆ. ಕರ್ನಾಟಕದಲ್ಲಿ ಆಗ ಸ್ಪೈಸ್ ಎಂಬ ಕಂಪನಿ ಇತ್ತು; ಅಪ್ಪ ಕೊಂಡದ್ದು ಅದರ ಸಿಮ್. 2008ರಲ್ಲಿ ಸ್ಪೈಸ್ ಅನ್ನು ಐಡಿಯಾ ಕೊಂಡಿತು, 2018ರ ಆಗಸ್ಟ್ 31ಕ್ಕೆ ಐಡಿಯಾ ಮತ್ತು ವೊಡಾಫೋನ್ ಒಂದಾದವು, 2020ರ ಸೆಪ್ಟೆಂಬರಿನಲ್ಲಿ ಅದಕ್ಕೆ ವಿ ಎಂದು ಹೆಸರಾಯಿತು. ಇಷ್ಟೆಲ್ಲ ಆದರೂ ಅಪ್ಪನ ನಂಬರು ಬದಲಾಗಲಿಲ್ಲ, ಕೈಯಲ್ಲಿದ್ದ ಗುಂಡಿಯೊತ್ತುವ ಫೋನಿಗೂ ಧಕ್ಕೆಯಾಗಲಿಲ್ಲ. ಈ ಕಂಪನಿಗಳೆಲ್ಲ ಜಿಎಸ್‌ಎಂ ಆಗಿದ್ದುದೂ, ನಮ್ಮವರು ಫೋನನ್ನು ಪೂರ್ತಿ ಹಣ ಕೊಟ್ಟು ಅಂಗಡಿಯಿಂದ ತರುವುದೂ ಅದಕ್ಕೆ ಕಾರಣ. ಇಲ್ಲಿ ಕಂಪನಿಯಿಂದಲೇ ಕಂತಿನಲ್ಲಿ ಪಡೆದ ಫೋನಿಗೆ ಬೇರೆ ಕಂಪನಿಯ ಜಾಲದಲ್ಲಿ ನಡೆಯದಂತೆ ಬೀಗ ಇರುವುದುಂಟು, ಸಾಮಾನ್ಯವಾಗಿ ಕಂತು ತೀರುವವರೆಗೆ ಅದನ್ನು ಬಿಡಿಸಿಕೊಳ್ಳಲಾಗದು. ನಂಬರು ಉಳಿಸಿಕೊಂಡು ಕಂಪನಿ ಬದಲಿಸುವ ಹಕ್ಕು ಇಲ್ಲಿ 2003ರಲ್ಲೇ ಬಂದಿತ್ತು, ಭಾರತದಾದ್ಯಂತ ಬಂದದ್ದು 2011ರ ಜನವರಿಯಲ್ಲಿ. ತಡವಾಗಿ ಬಂದರೂ ಅದನ್ನು ಬಳಸಲು ನಮ್ಮವರ ಕೈ ಕಟ್ಟಿರಲಿಲ್ಲ. ಎರಡು ಸಿಮ್‌ನ ಫೋನು ನಮ್ಮಲ್ಲಿ ಮನೆಮಾತಾದದ್ದೂ ಅದಕ್ಕೇ.

ಆದರೆ ಈ ಹೆಮ್ಮೆಯಲ್ಲಿ ಪೂರ್ತಿ ನ್ಯಾಯವಿಲ್ಲ. 2003ರಲ್ಲಿ 501 ರೂಪಾಯಿ ಮುಂಗಡ ಕೊಟ್ಟು ರಿಲಯನ್ಸ್ ಫೋನು ತಂದ ಮನೆಗಳು ನಮ್ಮ ಬೀದಿಯಲ್ಲಿ ಎಷ್ಟಿದ್ದವು! ಅವೂ ಸಿಡಿಎಂಎ ಫೋನುಗಳೇ, ಬೇರೆ ಕಂಪನಿಯ ಜಾಲದಲ್ಲಿ ಅವಕ್ಕೂ ಜೀವವಿರಲಿಲ್ಲ. 2018ರಲ್ಲಿ ಏರ್‌ಸೆಲ್ ದಿವಾಳಿಯಾದಾಗ ನಂಬರು ಉಳಿಸಿಕೊಂಡು ಕಂಪನಿ ಬದಲಿಸಲು ಬೇಕಾದ ಪೋರ್ಟ್ ಸಂಕೇತಕ್ಕಾಗಿ ಜನ ಪರದಾಡಿದರು. ನನಗೆ ನೋವಾಗುವುದು ಇನ್ನೊಂದು ವಿಷಯಕ್ಕೆ. ಸುಮಾರು 40 ಕೋಟಿ ಗ್ರಾಹಕರ ವೊಡಾಫೋನ್ ಐಡಿಯಾ ವಿಲೀನ ನಡೆದಾಗ ಪತ್ರಿಕೆಗಳಲ್ಲಿ ನಾವು ಓದಿದ ಷರತ್ತು ಸರ್ಕಾರಕ್ಕೆ ಸಲ್ಲಬೇಕಾದ 7,200 ಕೋಟಿಗೂ ಹೆಚ್ಚು ರೂಪಾಯಿಯದು. ಯಾವ ತಾಲ್ಲೂಕಿನಲ್ಲಿ ಸಿಗ್ನಲ್ ಎಷ್ಟಿರಬೇಕು, ದರ ಎಷ್ಟು ಕಾಲ ಸ್ಥಿರವಾಗಿರಬೇಕು ಎಂಬ ವಾದವನ್ನು ಯಾವ ರಾಜ್ಯ ಸರ್ಕಾರವೂ ನ್ಯಾಯಾಲಯಕ್ಕೆ ಒಯ್ಯಲಿಲ್ಲ. ಇಲ್ಲಿಯ ಷರತ್ತುಗಳು ಅರೆಬರೆಯಾಗಿ ಫಲಿಸಿದವು, ನಿಜ. ಆದರೂ ಮಾತಿಗೆ ತಪ್ಪಿದರೆಂದು ತೋರಿಸಲು ಜನರ ಕೈಯಲ್ಲಿ ಒಂದು ಕಾಗದವಿದೆ.

ಬಿಟ್ಟುಹೋಗುವ ಸ್ವಾತಂತ್ರ್ಯವಿದ್ದರೂ ಹೋಗಲು ಇನ್ನೊಂದು ಕಡೆ ಇರಬೇಕಲ್ಲವೇ? ನಮ್ಮಲ್ಲಿ ಒಂದು ಕಾಲಕ್ಕೆ ಹತ್ತಕ್ಕೂ ಹೆಚ್ಚು ಕಂಪನಿಗಳಿದ್ದವು, ಈಗ ಮೂರು ಖಾಸಗಿ ಕಂಪನಿಗಳು ಮತ್ತು ಬಿಎಸ್‌ಎನ್‌ಎಲ್. 2024ರ ಜುಲೈ ಮೊದಲ ವಾರದಲ್ಲಿ ಆ ಮೂರೂ ಬೆನ್ನುಬೆನ್ನಿಗೆ ದರ ಏರಿಸಿದಾಗ, ಅನೇಕರು ಬಿಎಸ್‌ಎನ್‌ಎಲ್ ಕಡೆ ಹೊರಳಿದರು. ಸರ್ಕಾರಿ ಸಂಸ್ಥೆಯನ್ನು ಮುಚ್ಚಿದರೇನು ಎಂದು ಸಲೀಸಾಗಿ ಹೇಳುವ ನನ್ನ ಗೆಳೆಯರಿಗೆ ಆ ತಿಂಗಳನ್ನು ನೆನಪಿಸಲು ಇಷ್ಟಪಡುತ್ತೇನೆ.

ಈ ವಾರ ಅಪ್ಪ ಫೋನಿನಲ್ಲಿ, ಕಂಪನಿ ಬದಲಿಸುವುದು ಒಳ್ಳೆಯದೇ ಎಂದು ಕೇಳಿದರು. ಮೊದಲು ಜಾಹೀರಾತನ್ನು ಬಿಟ್ಟು ಅಕ್ಕಪಕ್ಕದವರ ಫೋನುಗಳನ್ನು ನಮ್ಮ ಮನೆಯ ಒಳಕೋಣೆಯಲ್ಲಿ ಹಿಡಿದು, ಯಾವುದಕ್ಕೆ ಕರೆ ನಿಲ್ಲುತ್ತದೆಂದು ನೋಡಿ ಎಂದೆ. ಫೋನು ಹಳೆಯದಾದ್ದರಿಂದ, ಹೊಸ ಕಂಪನಿ 2ಜಿ ಕರೆಗೆ ಅವಕಾಶ ಕೊಡುತ್ತದೆಯೇ ಎಂದು ತಪ್ಪದೆ ವಿಚಾರಿಸಬೇಕು, ಏಕೆಂದರೆ ಜಿಯೋದಲ್ಲಿ 2ಜಿ ಇಲ್ಲ. ಅದಾದ ಮೇಲೆ ‘ಪೋರ್ಟ್’ ಎಂಬ ಇಂಗ್ಲಿಷ್ ಪದ ಬರೆದು, ಮುಂದೆ ತಮ್ಮ ನಂಬರು ಸೇರಿಸಿ 1900ಕ್ಕೆ ಸಂದೇಶ ಕಳಿಸಬೇಕು. ಬರುವ ಸಂಕೇತ ಕರ್ನಾಟಕದಲ್ಲಿ ನಾಲ್ಕು ದಿನ ಮಾತ್ರ ಚಾಲ್ತಿಯಲ್ಲಿರುತ್ತದೆ; ರಾಜ್ಯದೊಳಗೇ ಬದಲಿಸುವುದಾದರೆ ಮೂರು ಕೆಲಸದ ದಿನಗಳಲ್ಲಿ ಕೆಲಸ ಮುಗಿಯಬೇಕು. ಇದನ್ನೆಲ್ಲ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದುಕೊಂಡ ಅಪ್ಪ, ಒಳಕೋಣೆಯ ಪರೀಕ್ಷೆಗೆ ಪಕ್ಕದ ಮನೆಯವರನ್ನು ನಾಳೆಯೇ ಕರೆಯುತ್ತೇನೆ ಎಂದಿದ್ದಾರೆ.