ಅಪ್ಪ ಅಮ್ಮನಿಗೆ ಸೂಪರ್ ಟಾಪ್ ಅಪ್ ಮಾಡಿಸುವ ಮೊದ್ಲು, ಇನ್ಶೂರೆನ್ಸ್ ಡೆಸ್ಕಿನಲ್ಲಿ ಕೂತವಳ ನಾಲ್ಕು ಮಾತು

ಮಂಗಳೂರಿನ ಒಂದು ಖಾಸಗಿ ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕಲ್ಲಿ ನನ್ನ ಕೆಲಸ. ಟಿಪಿಎ (ವಿಮಾ ಕಂಪನಿ ಪರವಾಗಿ ಕ್ಲೈಮ್ ನೋಡುವ ಏಜೆನ್ಸಿ) ಡೆಸ್ಕ್ ಅಂತ ಬೋರ್ಡ್ ಉಂಟು, ಆದ್ರೆ ಜನ ಬಂದು ಕೇಳುದು ಒಂದೇ, "ಮೇಡಂ, ಈ ಕಾರ್ಡ್ ನಡೀತದಾ?" ಆ ಕಾರ್ಡ್ ಎಂತದ್ದೂ ಆಗಿರ್ಬಹುದು. ಬ್ಯಾಂಕಿನವರ ಗ್ರೂಪ್ ಪಾಲಿಸಿ, ಮಗ ದುಬೈಯಿಂದ ಆನ್‌ಲೈನಲ್ಲಿ ಮಾಡಿಸಿದ್ದು, ಸಂಘದಲ್ಲಿ ಮಾಡಿಸಿದ ಸಂಪೂರ್ಣ ಸುರಕ್ಷಾ, ಯಶಸ್ವಿನಿ, ಆಯುಷ್ಮಾನ್, ಇಲ್ಲಾಂದ್ರೆ ಬಿಲ್ಲಲ್ಲಿ ಡಿಸ್ಕೌಂಟ್ ಮಾತ್ರ ಕೊಡುವ ಯಾವುದೋ ಆಸ್ಪತ್ರೆಯ ಹೆಲ್ತ್ ಕಾರ್ಡ್. ಡಿಸ್ಕೌಂಟ್ ಕಾರ್ಡ್ ವಿಮೆ ಅಲ್ಲ ಅಂತ ಹೇಳಿದ್ರೆ ಕೆಲವರಿಗೆ ಸಿಟ್ಟೇ ಬರ್ತದೆ, ಇಷ್ಟು ವರ್ಷ ಅದನ್ನೇ ವಿಮೆ ಅಂದ್ಕೊಂಡು ರಿನ್ಯೂ ಮಾಡಿಸಿರ್ತಾರೆ ಪಾಪ.

ಈಗ ಐದಾರು ವರ್ಷದಿಂದ ಜಾಸ್ತಿ ಕಾಣುದು ಎರಡೆರಡು ಪಾಲಿಸಿ ಇರುವ ಹಿರಿಯರು. ಒಂದು ಹಳೇದು, ಮೂರ್ನಾಲ್ಕು ಲಕ್ಷದ್ದು. ಅದು ಸಾಕಾಗುದಿಲ್ಲ ಅಂತ ಮಕ್ಕಳು ಮೇಲಿಂದ ಇನ್ನೊಂದು ಮಾಡಿಸಿರ್ತಾರೆ, ಹತ್ತು ಲಕ್ಷದ ಸೂಪರ್ ಟಾಪ್ ಅಪ್ಪೋ, ಟಾಪ್ ಅಪ್ಪೋ. ಒಟ್ಟು ಹದಿಮೂರು ಲಕ್ಷ ಉಂಟು ಅಂತ ಧೈರ್ಯದಲ್ಲಿ ಬರ್ತಾರೆ, ಡಿಸ್ಚಾರ್ಜ್ ದಿವಸ ಎಪ್ಪತ್ತೈದು ಸಾವಿರ ಕೈಯಿಂದ ಕಟ್ಟಿ ಅಂದಾಗ ನನ್ನ ಮುಖ ನೋಡ್ತಾರೆ. ಆಸ್ಪತ್ರೆಯವರೇ ಎಂತದೋ ಮಾಡಿದ್ದು ಅಂತ ಅನುಮಾನ. ವಿಷಯ ಅದಲ್ಲ ಮಾರಾಯ್ರೆ, ಎರಡನೇ ಪಾಲಿಸಿ ಗೋಡೆಯ ಎತ್ತರ ಹೆಚ್ಚು ಮಾಡ್ತದೆ ಅಷ್ಟೇ, ಕೆಳಗಿನ ಗೋಡೆಯಲ್ಲಿರುವ ತೂತನ್ನು ಮುಚ್ಚುದಿಲ್ಲ.

ಮೊದ್ಲು ಟಾಪ್ ಅಪ್ ಬೇರೆ, ಸೂಪರ್ ಟಾಪ್ ಅಪ್ ಬೇರೆ ಅನ್ನುದು ಗೊತ್ತಿರ್ಬೇಕು. ಎರಡರಲ್ಲೂ ಡಿಡಕ್ಟಿಬಲ್ ಅಂತ ಒಂದು ಗೆರೆ ಇರ್ತದೆ, ಆ ಗೆರೆ ದಾಟಿದ ಮೇಲಿನ ಖರ್ಚನ್ನು ಮಾತ್ರ ಅವ್ರು ಕೊಡುದು. ಟಾಪ್ ಅಪ್ಪಲ್ಲಿ ಪ್ರತಿ ಸಲ ಅಡ್ಮಿಟ್ ಆದಾಗ ಆ ಗೆರೆಯನ್ನು ಹೊಸದಾಗಿ ದಾಟ್ಬೇಕು, ಸೂಪರ್ ಟಾಪ್ ಅಪ್ಪಲ್ಲಿ ಇಡೀ ವರ್ಷದ ಖರ್ಚು ಕೂಡಿಸ್ತಾರೆ. ನಿಮ್ಮ ತಂದೆಗೆ 3 ಲಕ್ಷದ ಮೂಲ ಪಾಲಿಸಿ, ಮೇಲೆ 3 ಲಕ್ಷ ಡಿಡಕ್ಟಿಬಲ್ ಇರುವ ಎರಡನೇ ಪಾಲಿಸಿ ಅಂತ ಇಟ್ಕೊಳ್ಳಿ. ಜೂನಲ್ಲಿ 2 ಲಕ್ಷ ಆಯ್ತು, ಆಗಸ್ಟಲ್ಲಿ ಪುನಃ ಅಡ್ಮಿಟ್, 2.5 ಲಕ್ಷ. ಮೂಲ ಪಾಲಿಸಿ ಮೊದ್ಲ ಸಲ 2 ಲಕ್ಷ ಕೊಟ್ಟು ಎರಡನೇ ಸಲಕ್ಕೆ ಉಳಿದ 1 ಲಕ್ಷ ಕೊಟ್ಟು ಖಾಲಿ. ಬಾಕಿ 1.5 ಲಕ್ಷ. ಸೂಪರ್ ಟಾಪ್ ಅಪ್ ಆಗಿದ್ರೆ ಒಟ್ಟು 4.5 ಲಕ್ಷ ಆಯ್ತು, 3 ಲಕ್ಷ ದಾಟಿತು ಅಂತ ಆ 1.5 ಲಕ್ಷ ಬರ್ತದೆ. ಬರೀ ಟಾಪ್ ಅಪ್ ಆಗಿದ್ರೆ ಎರಡು ಬಿಲ್ಲಲ್ಲಿ ಒಂದೂ 3 ಲಕ್ಷ ದಾಟ್ಲಿಲ್ಲ, ಹಾಗಾಗಿ ಸೊನ್ನೆ. ವಯಸ್ಸಾದವರಿಗೆ ಒಂದೇ ದೊಡ್ಡ ಬಿಲ್ ಬರುದಕ್ಕಿಂತ ಪುನಃ ಪುನಃ ಮಧ್ಯಮ ಬಿಲ್ ಬರುದೇ ಜಾಸ್ತಿ, ಡಯಾಲಿಸಿಸ್‌ನವ್ರು, ಹಾರ್ಟ್‌ನವ್ರು, ಬಿದ್ದು ಸೊಂಟ ಮುರ್ಕೊಂಡವ್ರು ಎಲ್ಲ ಹಾಗೇ. ಹಾಗಾಗಿ ಹಿರಿಯರಿಗೆ ಬರೀ ಟಾಪ್ ಅಪ್ ತಗೊಳ್ಳುದರಲ್ಲಿ ನನಗೆ ಅರ್ಥವೇ ಕಾಣುದಿಲ್ಲ, ಪ್ರೀಮಿಯಂ ಸ್ವಲ್ಪ ಕಡಿಮೆ ಅನ್ನುದು ಬಿಟ್ರೆ.

ಇನ್ನೊಂದು, ಆ ಗೆರೆ ದಾಟಿತಾ ಇಲ್ವಾ ಅಂತ ಲೆಕ್ಕ ಮಾಡುದು ಬಿಲ್ಲಿನ ಮೊತ್ತದಿಂದ ಅಲ್ಲ, ಪಾಲಿಸಿ ಪ್ರಕಾರ ಒಪ್ಪುವ ಮೊತ್ತದಿಂದ. ಗ್ಲೌಸು, ಮಾಸ್ಕು, ಡೈಪರು, ಅಡ್ಮಿಶನ್ ಕಿಟ್ಟು ಅಂತೆಲ್ಲ ಕೊಡಬೇಕಾಗಿಲ್ಲದ 68 ಐಟಮ್ಮಿನ ಪಟ್ಟಿಯೇ ಉಂಟು ವಿಮಾ ನಿಯಂತ್ರಕ ಸಂಸ್ಥೆ ಐಆರ್‌ಡಿಎಐಯದ್ದು, ಅದಕ್ಕೆ ಬೇರೆ ರೈಡರ್ (ಪಾಲಿಸಿ ಜೊತೆ ದುಡ್ಡು ಕೊಟ್ಟು ಸೇರಿಸುವ ಹೆಚ್ಚುವರಿ ಕವರ್) ಮಾಡಿಸದಿದ್ರೆ ಅದು ನಿಮ್ಮದೇ ಖರ್ಚು. ಬಿಲ್ 5 ಲಕ್ಷ, ಅದರಲ್ಲಿ 40 ಸಾವಿರ ಇಂತದ್ದು ಅಂದ್ರೆ ಸೂಪರ್ ಟಾಪ್ ಅಪ್‌ನವ್ರು 4.6 ಲಕ್ಷದಿಂದಲೇ ಲೆಕ್ಕ ಹಿಡಿಯುದು.

ನಮ್ಮ ಕಡೆ ಬ್ಯಾಂಕ್ ರಿಟೈರ್ಡ್‌ಗಳು ಹೇಗೆ ತುಂಬಿದ್ದಾರೆ ಅಂತ ಗೊತ್ತುಂಟಲ್ಲ, ಕೆನರಾ, ಸಿಂಡಿಕೇಟ್, ಕಾರ್ಪೊರೇಶನ್, ವಿಜಯಾ ಎಲ್ಲ ಹುಟ್ಟಿದ್ದೇ ಇಲ್ಲಿ ಮಂಗಳೂರು ಉಡುಪಿಯಲ್ಲಿ. ಈಗ್ಲೂ "ನಾನು ಕಾರ್ಪೊರೇಶನ್ ಬ್ಯಾಂಕ್" ಅಂತಲೇ ಹೇಳುದು ಅವ್ರು, 2020ರ ಏಪ್ರಿಲಲ್ಲೇ ಅದು ಯೂನಿಯನ್ ಬ್ಯಾಂಕಿಗೆ ಸೇರಿ ಆಗಿದೆ, ನಾವು ಪೋರ್ಟಲಲ್ಲಿ ಹುಡುಕುವಾಗ ಒಂದು ನಿಮಿಷ ತಲೆ ಕೆರ್ಕೊಳ್ತೇವೆ. ಇವರಿಗೆ 2015ರ ಒಪ್ಪಂದದ ನಂತರ ಬಂದ ಐಬಿಎ (ಬ್ಯಾಂಕುಗಳ ಸಂಘ) ಗ್ರೂಪ್ ಪಾಲಿಸಿ ಉಂಟು. ಶುರುವಾದಾಗ ಆಫೀಸರ್‌ಗಳಿಗೆ 4 ಲಕ್ಷ, ಕ್ಲರ್ಕ್ ಮತ್ತೆ ಸಬ್‌ಸ್ಟಾಫಿಗೆ 3 ಲಕ್ಷ ಕವರ್ ಅಂತ ಇತ್ತು, ಬೇಕಾದವರಿಗೆ ಅದರ ಮೇಲೆ ಸೂಪರ್ ಟಾಪ್ ಅಪ್. ಪ್ರೀಮಿಯಂ ಏರ್ತಾ ಹೋದ ಹಾಗೆ ಕೆಲವರು ಆ ಸೂಪರ್ ಟಾಪ್ ಅಪ್ ಬಿಟ್ಟು ಹೊರಗಿನ ಕಂಪನಿಯದ್ದು ಕಡಿಮೆಗೆ ಸಿಗ್ತದೆ ಅಂತ ತಗೊಂಡ್ರು. ತಗೊಳ್ಳಿ, ತಪ್ಪಲ್ಲ. ಆದ್ರೆ ಇಲ್ಲೊಂದು ವಿಷಯ ಉಂಟು, ಯಾವ ಏಜೆಂಟೂ ಇದನ್ನು ಹೇಳಿದ್ದು ನಾನು ಕೇಳ್ಲಿಲ್ಲ.

ಬ್ಯಾಂಕಿನವರ ಪಾಲಿಸಿ ವರ್ಷ ನವೆಂಬರ್ 1ಕ್ಕೆ ಶುರು, ಕವರ್ 4 ಲಕ್ಷ ಅಂತ ಇಟ್ಕೊಳ್ಳಿ. ಹೊರಗಿನ ಸೂಪರ್ ಟಾಪ್ ಅಪ್ ಯಾವಾಗ ನೆನಪಾಯ್ತೋ ಆವಾಗ ಮಾಡಿಸಿದ್ದು, ಮೇ ತಿಂಗಳಲ್ಲಿ ಅಂತ ಹೇಳುವ, 4 ಲಕ್ಷ ಡಿಡಕ್ಟಿಬಲ್. ಏಪ್ರಿಲಲ್ಲಿ ಒಂದು ಸಲ ಅಡ್ಮಿಟ್, 3.5 ಲಕ್ಷ. ಜೂನಲ್ಲಿ ಇನ್ನೊಂದು ಸಲ, 3 ಲಕ್ಷ. ಬ್ಯಾಂಕಿನ ಪಾಲಿಸಿಗೆ ಎರಡೂ ಒಂದೇ ವರ್ಷ, ಹಾಗಾಗಿ ಜೂನಲ್ಲಿ ಅದರಲ್ಲಿ ಉಳಿದಿರುದು ಬರೀ 50 ಸಾವಿರ. ಸೂಪರ್ ಟಾಪ್ ಅಪ್ಪಿಗೆ ಮಾತ್ರ ಮೇ ತಿಂಗಳಲ್ಲಿ ಹೊಸ ವರ್ಷ ಶುರುವಾಗಿದೆ, ಏಪ್ರಿಲಿನ ಖರ್ಚು ಅದಕ್ಕೆ ಲೆಕ್ಕಕ್ಕೇ ಇಲ್ಲ. ಅದು ನೋಡುದು ಜೂನಿನ 3 ಲಕ್ಷ ಒಂದೇ, 4 ಲಕ್ಷ ದಾಟ್ಲಿಲ್ಲ, ಕೊಡುದಿಲ್ಲ. 2.5 ಲಕ್ಷ ಕೈಯಿಂದ! ಅದೇ ಎರಡೂ ನವೆಂಬರಲ್ಲೇ ಶುರುವಾಗಿದ್ರೆ ಆ 2.5 ಲಕ್ಷ ಪೂರ್ತಿ ಬರ್ತಿತ್ತು. ಪ್ರೀಮಿಯಂ ಒಂದೇ, ಕಂಪನಿ ಒಂದೇ, ತಾರೀಕು ಮಾತ್ರ ಬೇರೆ. ಹಾಗಾಗಿ ನನ್ನ ಹತ್ರ ಕೇಳಿದವರಿಗೆಲ್ಲ ನಾನು ಮೊದ್ಲು ಹೇಳುದು ಎರಡು ಪಾಲಿಸಿಯ ರಿನ್ಯೂವಲ್ ತಾರೀಕು ಹತ್ರ ಹತ್ರ ಇರ್ಲಿ ಅಂತ, ಕಂಪನಿ ಯಾವುದು ಅನ್ನುದು ಆಮೇಲೆ.

ಈಗ ತೂತಿನ ವಿಷಯ. ಹಳೇ ಪಾಲಿಸಿಗಳಲ್ಲಿ ರೂಮ್ ಬಾಡಿಗೆಗೆ ಮಿತಿ ಇರ್ತದೆ, ಸಾಮಾನ್ಯವಾಗಿ ವಿಮೆ ಮೊತ್ತದ ಶೇ. 1, ಐಸಿಯುಗೆ ಶೇ. 2. 3 ಲಕ್ಷದ ಪಾಲಿಸಿ ಅಂದ್ರೆ ದಿನಕ್ಕೆ 3,000 ರೂಪಾಯಿಯ ರೂಮು. ಅಮ್ಮನಿಗೆ ಸ್ವಲ್ಪ ಆರಾಮ ಇರ್ಲಿ ಅಂತ ಮಗ 6,000ದ ಡೀಲಕ್ಸ್ ರೂಮ್ ತಗೊಳ್ತಾನೆ, ಮೇಲಿನ ಮೂರು ಸಾವಿರ ತಾನೇ ಕೊಡುವ ಅಂತ ಲೆಕ್ಕ ಹಾಕಿರ್ತಾನೆ. ಹಾಗಲ್ಲ ಅದು. ಆಸ್ಪತ್ರೆಗಳಲ್ಲಿ ರೂಮ್ ದೊಡ್ಡದಾದ ಹಾಗೆ ಸರ್ಜನ್ ಫೀಸು, ಓಟಿ ಚಾರ್ಜು, ನರ್ಸಿಂಗು ಎಲ್ಲದರ ರೇಟೂ ಏರ್ತದೆ, ಹಾಗಾಗಿ ವಿಮೆಯವ್ರು ಅದನ್ನೆಲ್ಲ ಅದೇ ಅನುಪಾತದಲ್ಲಿ ಕಡಿತ ಮಾಡ್ತಾರೆ. ಐದು ದಿವಸದ ರೂಮ್ 30 ಸಾವಿರ, ಸರ್ಜನ್ ಓಟಿ ಎಲ್ಲ ಸೇರಿ 1.2 ಲಕ್ಷ, ಮದ್ದು ಇಂಪ್ಲಾಂಟ್ ಟೆಸ್ಟು 90 ಸಾವಿರ, ಒಟ್ಟು 2.4 ಲಕ್ಷ ಅಂತಾದ್ರೆ ರೂಮಿಗೆ 15 ಸಾವಿರ, ಸರ್ಜನ್ ಓಟಿಗೆ 60 ಸಾವಿರ ಮಾತ್ರ ಬರ್ತದೆ. ಮದ್ದು, ಇಂಪ್ಲಾಂಟ್, ಟೆಸ್ಟಿಗೆ ಈ ಕಡಿತ ಮಾಡುವ ಹಾಗಿಲ್ಲ, 90 ಸಾವಿರ ಪೂರ್ತಿ. ಅಂದ್ರೆ 1.65 ಲಕ್ಷ ಬಂತು, 75 ಸಾವಿರ ನಿಮ್ಮದು. ಸೂಪರ್ ಟಾಪ್ ಅಪ್ ಉಂಟಲ್ಲ ಅಂತ ಕೇಳಿದ್ರೆ, 3 ಲಕ್ಷದ ಗೆರೆ ಎಲ್ಲಿ ದಾಟಿತು? ಹತ್ತು ಲಕ್ಷದ ಎರಡನೇ ಪಾಲಿಸಿ ಅಲ್ಲೇ ಕೂತಿರ್ತದೆ, ಒಂದು ರೂಪಾಯಿ ಕೊಡುದಿಲ್ಲ. ಕೋ ಪೇ, ಅಂದ್ರೆ ಕ್ಲೈಮಿನ ಒಂದು ಪಾಲು ನಾವೇ ಕಟ್ಟುವ ಷರತ್ತು ಇದ್ರೂ ಇದೇ ಕಥೆ, ಹಿರಿಯರ ಪಾಲಿಸಿಯಲ್ಲಿ ಶೇ. 20 ಕೋ ಪೇ ಅಂತಿದ್ದು 2 ಲಕ್ಷದ ಕ್ಲೈಮ್ ಆದ್ರೆ 40 ಸಾವಿರ ನೀವೇ ಕಟ್ಟುದು. ಕ್ಯಾಟರಾಕ್ಟಿಗೆ ಇಷ್ಟೇ, ಮಂಡಿ ಬದಲಿಸ್ಲಿಕ್ಕೆ ಇಷ್ಟೇ ಅಂತ ಒಳಮಿತಿ ಇದ್ರೂ ಹಾಗೇ. ನಿಮ್ಮ ಮನೆಯ ಸಮಸ್ಯೆ ಈ ತೂತುಗಳಾದ್ರೆ ಸೂಪರ್ ಟಾಪ್ ಅಪ್ಪಿಗೆ ದುಡ್ಡು ಹಾಕುದಕ್ಕಿಂತ ಮೂಲ ಪಾಲಿಸಿಯನ್ನೇ ಒಳ್ಳೇದಕ್ಕೆ ಪೋರ್ಟ್ ಮಾಡ್ಲಿಕ್ಕೆ (ಬೇರೆ ಕಂಪನಿಗೆ ವರ್ಗ ಮಾಡ್ಲಿಕ್ಕೆ) ಆಗ್ತದಾ ನೋಡಿ, ಅಥವಾ ಸುಮ್ಮನೆ ಮಿತಿಯೊಳಗಿನ ರೂಮ್ ತಗೊಳ್ಳಿ. ಅಡ್ಮಿಶನ್ ಹೊತ್ತಿಗೆ ನಾವು ಇದನ್ನು ಹೇಳ್ತೇವೆ, ಆದ್ರೆ ಆ ಗಡಿಬಿಡಿಯಲ್ಲಿ ಯಾರ ತಲೆಗೂ ಹೋಗುದಿಲ್ಲ.

ಮತ್ತೆ ಕಾಯಿಲೆ ಮುಚ್ಚಿಡುದು. ಆನ್‌ಲೈನ್ ಫಾರ್ಮ್ ತುಂಬಿಸುದು ಮಗ, ಎಲ್ಲೋ ಕುವೈತಲ್ಲಿ ಕೂತು ರಾತ್ರಿ ಹೊತ್ತು. ಬಿಪಿ ಉಂಟಾ, ಇಲ್ಲ. ಶುಗರ್ ಉಂಟಾ, ಇಲ್ಲ. ಎಲ್ಲದಕ್ಕೂ ಇಲ್ಲ ಅಂತ ಒತ್ಕೊಂಡು ಹೋಗಿರ್ತಾನೆ, ಅರ್ಧ ಸಲ ಅವನಿಗೆ ಗೊತ್ತೂ ಇರುದಿಲ್ಲ. ಇಲ್ಲಿ ಅಪ್ಪ ಕ್ಯಾಶುವಾಲ್ಟಿಯಲ್ಲಿ ಡ್ಯೂಟಿ ಡಾಕ್ಟರ್ ಹತ್ರ "ಶುಗರ್ ಹತ್ತು ಹದಿನೈದು ವರ್ಷದಿಂದ ಉಂಟು ಡಾಕ್ಟ್ರೆ" ಅಂತ ಸತ್ಯ ಹೇಳ್ತಾರೆ, ಹೇಳ್ಲೇಬೇಕು, ಚಿಕಿತ್ಸೆ ಅದರ ಮೇಲೆ ಹೋಗುದು. ಅದು ಕೇಸ್ ಶೀಟಲ್ಲಿ ಬರ್ತದೆ, ವಿಮೆಯವ್ರು ಮೊದ್ಲು ಓದುದೇ ಆ ಸಾಲು. ಆಮೇಲೆ ನಮ್ಮ ಹತ್ರ ಬಂದು ಆ ವರ್ಷ ತೆಗೆದು ಬರಿಸಿ ಕೊಡಿ ಅಂತ ಕೇಳ್ತಾರೆ. ಆಗುದಿಲ್ಲ, ಅದು ಫೋರ್ಜರಿ. ಮೊದ್ಲೇ ಹೇಳಿ ಪಾಲಿಸಿ ತಗೊಂಡ್ರೆ 2024ರ ಏಪ್ರಿಲಿನ ನಿಯಮ ಪ್ರಕಾರ ಹಳೇ ಕಾಯಿಲೆಗೆ ಜಾಸ್ತಿ ಅಂದ್ರೆ 36 ತಿಂಗಳು ಕಾಯಿಸ್ಬಹುದು, ಮೊದ್ಲು 48 ಇತ್ತು. ಸೂಪರ್ ಟಾಪ್ ಅಪ್ಪಿಗೂ ಈ ಕಾಯುವ ಅವಧಿ ಬೇರೆಯೇ ಇರ್ತದೆ, ಮೂಲ ಪಾಲಿಸಿ ಇಪ್ಪತ್ತು ವರ್ಷದ್ದು ಅಂತ ಇದಕ್ಕೆ ರಿಯಾಯಿತಿ ಇಲ್ಲ. 65 ದಾಟಿದವರಿಗೂ ಹೊಸ ಪಾಲಿಸಿಗೆ ಅರ್ಜಿ ಹಾಕ್ಲಿಕ್ಕೆ ಈಗ ಅಡ್ಡಿ ಇಲ್ಲ, ಕಂಪನಿ ಒಪ್ಪುದು ಬಿಡುದು ಮೆಡಿಕಲ್ ಚೆಕಪ್ ನೋಡಿ. ಸತತ 60 ತಿಂಗಳು ಕಟ್ಟಿ ಆದ ಮೇಲೆ, ಮೋಸ ಅಂತ ಸಾಬೀತಾಗದ ಹೊರತು ಕಾಯಿಲೆ ಹೇಳ್ಲಿಲ್ಲ ಅಂತ ತಿರಸ್ಕರಿಸುವ ಹಾಗಿಲ್ಲ, ಆದ್ರೆ ಅದನ್ನೇ ನಂಬಿ ಐದು ವರ್ಷ ಹೆದರ್ಕೊಂಡು ಕೂರುದು ಎಂತ ಬದುಕು ಮಾರಾಯ್ರೆ.

ದಿನಕ್ಕಿಷ್ಟು ಅಂತ ಕೊಡುವ ಹಾಸ್ಪಿಟಲ್ ಕ್ಯಾಶ್ ಪಾಲಿಸಿ ನನಗೆ ಹಿರಿಯರ ವಿಷಯದಲ್ಲಿ ಅಷ್ಟು ಕೆಟ್ಟದ್ದು ಅನ್ನಿಸುದಿಲ್ಲ, ಬಿಲ್ ಎಷ್ಟೇ ಇರ್ಲಿ ದಿನದ ಲೆಕ್ಕದಲ್ಲಿ ದುಡ್ಡು ಬರ್ತದೆ, ಮೇಲಿನ ತೂತಿಗೂ ಆಟೋಗೂ ಕ್ಯಾಂಟೀನಿಗೂ ಆಗ್ತದೆ. ಕ್ಯಾನ್ಸರಿನಂತ ದೊಡ್ಡ ಕಾಯಿಲೆ ಬಂದ್ರೆ ಒಟ್ಟಿಗೆ ದುಡ್ಡು ಕೊಡುವ ಕ್ರಿಟಿಕಲ್ ಇಲ್‌ನೆಸ್ ಪಾಲಿಸಿ ಈ ವಯಸ್ಸಲ್ಲಿ ಹೊಸದಾಗಿ ಸಿಗುದೇ ಕಷ್ಟ.

ಸರ್ಕಾರದ್ದು ಕೇಳುವವರಿಗೆ: 70 ದಾಟಿದ ಎಲ್ಲರಿಗೂ ಆದಾಯ ನೋಡದೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ಅಂತ ಆಯುಷ್ಮಾನ್ ವಯ ವಂದನಾ ಕೇಂದ್ರದವ್ರು 2024ರ ಅಕ್ಟೋಬರ್ 29ಕ್ಕೆ ಶುರು ಮಾಡಿದ್ದು. ಗಂಡ ಹೆಂಡತಿ ಇಬ್ರಿಗೂ 70 ಆಗಿದ್ರೆ 5 ಲಕ್ಷ ಇಬ್ರಿಗೂ ಸೇರಿ, ತಲಾ ಅಲ್ಲ. ಖಾಸಗಿ ಪಾಲಿಸಿ ಇದ್ದವರಿಗೂ ಇದಕ್ಕೆ ಅರ್ಹತೆ ಉಂಟು. ಸಿಜಿಎಚ್‌ಎಸ್ (ಕೇಂದ್ರ ಸರ್ಕಾರಿ ನೌಕರರ ಆರೋಗ್ಯ ಯೋಜನೆ), ಇಸಿಎಚ್‌ಎಸ್ (ಮಾಜಿ ಸೈನಿಕರದ್ದು) ಇದ್ದವ್ರು ಅದೋ ಇದೋ ಒಂದನ್ನು ಆರಿಸ್ಬೇಕು. ಕಾರ್ಡ್ ಕೈಯಲ್ಲಿದ್ರೆ ಆಗ್ಲಿಲ್ಲ, ನೀವು ಹೋಗುವ ಆಸ್ಪತ್ರೆ ಆ ಸ್ಕೀಮಲ್ಲಿ, ಆ ಚಿಕಿತ್ಸೆಗೆ ನೋಂದಣಿ ಆಗಿರ್ಬೇಕು, ಇದನ್ನು ಹೊರಡುವ ಮೊದ್ಲು ಫೋನ್ ಮಾಡಿ ಕೇಳಿ. ರಾಜ್ಯದ ಆರೋಗ್ಯ ಕರ್ನಾಟಕದಲ್ಲಿ ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30 ಮಾತ್ರ, ವರ್ಷಕ್ಕೆ 1.5 ಲಕ್ಷದವರೆಗೆ, ಎಮರ್ಜೆನ್ಸಿ ಬಿಟ್ರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು.

ಪ್ರೀಮಿಯಂ ವಿಷಯದಲ್ಲಿ ಎರಡು ಒಳ್ಳೇ ಸುದ್ದಿ ಬಂದಿದೆ. 60 ದಾಟಿದವರ ಪ್ರೀಮಿಯಂ ವರ್ಷಕ್ಕೆ ಶೇ. 10ಕ್ಕಿಂತ ಜಾಸ್ತಿ ಏರಿಸ್ಬೇಕಾದ್ರೆ ಕಂಪನಿಗಳು ಮೊದ್ಲು ಐಆರ್‌ಡಿಎಐ ಹತ್ರ ಮಾತಾಡ್ಬೇಕು, 2025ರ ಜನವರಿಯ ಆದೇಶ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಇದ್ದ ಶೇ. 18 ಜಿಎಸ್‌ಟಿಯೂ ಹೋಯ್ತು, 40 ಸಾವಿರದ ಪ್ರೀಮಿಯಂಗೆ ಮೊದ್ಲು 7,200 ತೆರಿಗೆಯೇ ಇತ್ತು. ಹಳೇ ಟ್ಯಾಕ್ಸ್ ಪದ್ಧತಿಯಲ್ಲಿ ಇದ್ದವರಿಗೆ ಆದಾಯ ತೆರಿಗೆಯಲ್ಲಿ ಹಿರಿಯರ ಪ್ರೀಮಿಯಂಗೆ 50 ಸಾವಿರದವರೆಗೆ ವಿನಾಯಿತಿಯೂ ಉಂಟು.

ಕ್ಲೈಮ್ ಮಾಡುವಾಗ, ಎರಡು ಪಾಲಿಸಿ ಬೇರೆ ಬೇರೆ ಕಂಪನಿಯದ್ದಾದ್ರೆ ಹೆಚ್ಚಿನ ಸಲ ಮೂಲದ್ದು ಕ್ಯಾಶ್‌ಲೆಸ್ ಆಗ್ತದೆ, ಎರಡನೇದು ಕೈಯಿಂದ ಕಟ್ಟಿ ಆಮೇಲೆ ವಾಪಸ್ ತಗೊಳ್ಳುದು. ಅದಕ್ಕೆ ಮೊದ್ಲ ಕಂಪನಿಯ ಸೆಟ್ಲ್‌ಮೆಂಟ್ ಲೆಟರ್ ಬೇಕೇ ಬೇಕು, ಎಷ್ಟು ಒಪ್ಪಿದ್ರು ಎಷ್ಟು ಕಡಿದ್ರು ಅಂತ ಅದರಲ್ಲಿ ಇರ್ತದೆ. ಬಿಲ್, ಡಿಸ್ಚಾರ್ಜ್ ಸಮ್ಮರಿ, ರಿಪೋರ್ಟು ಎಲ್ಲದರ ಸೀಲ್ ಹಾಕಿದ ಕಾಪಿ ಡಿಸ್ಚಾರ್ಜ್ ದಿವಸವೇ ಕೇಳಿ ತಗೊಳ್ಳಿ, ಎರಡು ತಿಂಗಳು ಬಿಟ್ಟು ಬಂದ್ರೆ ಮೆಡಿಕಲ್ ರೆಕಾರ್ಡ್ಸಲ್ಲಿ ಹುಡುಕಿಸ್ಬೇಕು. ಮೂರು ಗಂಟೆಯೊಳಗೆ ಫೈನಲ್ ಅಪ್ರೂವಲ್ ಕೊಡ್ಬೇಕು ಅಂತ ನಿಯಮ ಉಂಟಲ್ಲ ಅಂತ ಜಗಳ ಮಾಡುವವ್ರು ಇದ್ದಾರೆ, ಉಂಟು, ಆದ್ರೆ ಆ ಮೂರು ಗಂಟೆ ಶುರುವಾಗುದು ಡಾಕ್ಟ್ರು "ಮನೆಗೆ ಹೋಗ್ಬಹುದು" ಅಂದಾಗ ಅಲ್ಲ, ನಮ್ಮಿಂದ ಬಿಲ್ ಅವರಿಗೆ ಹೋದ ಮೇಲೆ. ಅದಕ್ಕಿಂತ ತಡ ಆಗಿ ಆಸ್ಪತ್ರೆ ಬಿಲ್ ಜಾಸ್ತಿ ಆದ್ರೆ ಆ ಹೆಚ್ಚಿನದ್ದು ವಿಮಾ ಕಂಪನಿಯದ್ದೇ. ತಿರಸ್ಕಾರ ಆದ್ರೆ ಮೊದ್ಲು ಕಂಪನಿಗೇ ಬರವಣಿಗೆಯಲ್ಲಿ ದೂರು ಕೊಡಿ, 30 ದಿವಸದಲ್ಲಿ ಉತ್ತರ ಬಾರದಿದ್ರೆ ಅಥವಾ ಸಮಾಧಾನ ಆಗದಿದ್ರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ (ವಿಮೆ ದೂರು ವಿಚಾರಿಸಿ ತೀರ್ಮಾನ ಕೊಡುವ ಅಧಿಕಾರಿ) ಹತ್ರ ಹೋಗ್ಬಹುದು, ಫೀಸ್ ಇಲ್ಲ, ವಕೀಲ್ರೂ ಬೇಡ.

ಆಪರೇಶನ್ ಮೊದ್ಲೇ ನಿಗದಿ ಆಗಿದ್ರೆ ಮೂರ್ನಾಲ್ಕು ದಿವಸ ಮುಂಚೆ ಎರಡೂ ಪಾಲಿಸಿಯ ಶೆಡ್ಯೂಲ್ ಪೇಜ್ ತಗೊಂಡು ಡೆಸ್ಕಿಗೆ ಬನ್ನಿ. ವಾಟ್ಸಾಪಲ್ಲಿ ಕಾರ್ಡಿನ ಫೋಟೋ ಸಾಕಾಗುದಿಲ್ಲ, ಅದರಲ್ಲಿ ಡಿಡಕ್ಟಿಬಲ್ಲೂ ಇರುದಿಲ್ಲ ಕೋ ಪೇಯೂ ಇರುದಿಲ್ಲ. ಬೆಳಿಗ್ಗೆ ಡಿಸ್ಚಾರ್ಜ್ ರಶ್ ಇರ್ತದೆ, ಮಧ್ಯಾಹ್ನ ಊಟ ಆಗಿ ಮೂರು ಗಂಟೆ ನಂತರ ಬಂದ್ರೆ ಕೂತು ಲೆಕ್ಕ ಹಾಕಿ ಹೇಳ್ಬಹುದು.